ಬ್ರೇಕ್ ಪೈಪಿನೊಳಗಿನ ಪಾಸ್ಕಲ್

ಕಳೆದ ಸೆಮ್ ರಜೆಗೆ ಪಿರಿಯಾಪಟ್ಟಣ ತಾಲ್ಲೂಕಿನ ಮಾವನ ಊರಿಗೆ ಹೋಗಿದ್ದೆ. ಹೊಗೆಸೊಪ್ಪಿನ ಸೀಸನ್. ಬ್ಯಾರನ್‌ನಲ್ಲಿ ಬೇಯಿಸಿ, ಗ್ರೇಡ್ ಮಾಡಿ, ಬೇಲ್ ಕಟ್ಟಿದ ಸೊಪ್ಪನ್ನು ಹಳೇ ಪಿಕಪ್‌ಗೆ ಹೇರಿಕೊಂಡು ಮಾವ ಹರಾಜಿಗೆ ಹೊರಟರು. ನಾನು ಪಕ್ಕದ ಸೀಟಲ್ಲಿ. ಎರಡು ದಿನದ ಹಿಂದಷ್ಟೇ ಒಂದು ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ಆಗಿತ್ತು. ಆದರೂ ಪೆಡಲ್ ಮೆತ್ತಗಿತ್ತು, ಸ್ಪಂಜ್ ತುಳಿದ ಹಾಗೆ. ಎರಡು ಸಲ ಪಂಪ್ ಮಾಡಿದ್ರೆ ಹಿಡಿಯುತ್ತೆ ಅಂತ ಮೆಕ್ಯಾನಿಕ್ ಹೇಳಿ ಕಳಿಸಿದ್ದನಂತೆ. ಹುಣಸೂರು ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರ್ ಸಡನ್ನಾಗಿ ನಿಂತಾಗ ಮಾವ ಒಂದು ಸಲ ತುಳಿದರು, ಎರಡು ಸಲ ತುಳಿದರು, ಮೂರನೇ ಸಲ ಪೆಡಲ್ ನೆಲಕ್ಕೇ ಹೋಯಿತು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ಪಕ್ಕದ ಹೊಲಕ್ಕೆ ಇಳಿಸಿಬಿಟ್ಟರು. ಯಾರಿಗೂ ಏನೂ ಆಗಲಿಲ್ಲ. ಎರಡು ಬೇಲ್ ಮಣ್ಣಾಯಿತು, ಅಷ್ಟೇ. ಆದರೆ ಮಾವನ ಕೈ ಅರ್ಧ ಗಂಟೆ ನಡುಗುತ್ತಲೇ ಇತ್ತು.

ಮಾರನೇ ದಿನ ಕೆ.ಆರ್.ನಗರ ಕಡೆಯಿಂದ ಮಾವನಿಗೆ ಗೊತ್ತಿದ್ದ ಒಬ್ಬ ವಯಸ್ಸಾದ ಮೆಕ್ಯಾನಿಕ್ ಬಂದರು. ಗಾಡಿ ಕೆಳಗೆ ನುಸುಳಿ ಹತ್ತೇ ನಿಮಿಷದಲ್ಲಿ ಎಲ್ಲಾ ಹೇಳಿದರು. ಹಿಂದಿನ ಎಡ ಚಕ್ರಕ್ಕೆ ಹೋಗುವ ಪೈಪ್ ಹೊಸದು, ಪಳಪಳ ಹೊಳೀತಿತ್ತು. ಆದರೆ ಅದರ ತುದಿಯ ಫ್ಲೇರ್ ಸೊಟ್ಟಗಿತ್ತು. ಲೀಕ್ ನಿಲ್ಲಿಸೋಕೆ ನಟ್‌ಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿದ್ದರು. ಪೈಪನ್ನು ಚಾಸಿಗೆ ಹಿಡಿದಿಡುವ ಕ್ಲಿಪ್ಪನ್ನು ವಾಪಸ್ ಹಾಕಿರಲೇ ಇಲ್ಲ. ಜೊತೆಗೆ ಇಡೀ ಸಿಸ್ಟಮ್‌ನಲ್ಲಿ ಗಾಳಿ ತುಂಬಿತ್ತು.

ಇದೆಲ್ಲಾ ಕೇಳುತ್ತಾ ನಿಂತಿದ್ದ ನನಗೆ ಒಂಥರಾ ನಾಚಿಕೆ ಆಯಿತು. ಪಾಸ್ಕಲ್ಸ್ ಲಾ ಬರೆದು ಮಾರ್ಕ್ಸ್ ತಗೊಂಡವನು ನಾನು. ಅದೇ ಲಾ ಆ ಪೈಪಿನೊಳಗೆ ಸತ್ತು ಬಿದ್ದಿದ್ದರೂ, ಪೆಡಲ್ ಮೆತ್ತಗಿದೆ ಅಂತ ಗೊತ್ತಿದ್ದರೂ, ಸುಮ್ಮನೆ ಪಕ್ಕದ ಸೀಟಲ್ಲಿ ಕೂತಿದ್ದೆ. ಆ ರಾತ್ರಿಯಿಂದ ಪಾಸ್ಕಲ್ ಬಗ್ಗೆ ಓದೋಕೆ ಶುರು ಮಾಡಿದೆ. ನಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಒಂದು ಸಾಲಿನ ನಿಯಮವಾಗಿ ಉಳಿದಿರುವ ಈ ಮನುಷ್ಯ, ಹೊರಗೆ ಪಾಲಿಶ್ ಒಳಗೆ ಪೊಳ್ಳು ಅನ್ನೋ ಕೆಲಸ ನೋಡಿ ನಮಗಿಂತ ಜಾಸ್ತಿ ಸಿಟ್ಟಾಗಿದ್ದವನು ಅಂತ ಗೊತ್ತಾಯಿತು.

ಬ್ಲೇಸ್ ಪಾಸ್ಕಲ್ ಹುಟ್ಟಿದ್ದು 1623ರ ಜೂನ್ 19ರಂದು, ಫ್ರಾನ್ಸಿನ ಕ್ಲೆರ್ಮಾಂಟ್ ಎಂಬ ಊರಲ್ಲಿ. ಇಂದಿನ ಕ್ಲೆರ್ಮಾಂಟ್ ಫೆರಾಂಡ್ ಅದೇ. ಮಿಶೆಲಿನ್ ಟೈರ್ ಕಂಪನಿಯ ತವರೂ ಅದೇ. ಅಂದರೆ ಗಾಡಿಯ ಟೈರಿಗೂ ಬ್ರೇಕಿಗೂ ಆ ಒಂದೇ ಊರಿನ ಋಣ ಇದೆ. ಮೂರು ವರ್ಷ ಇದ್ದಾಗ ತಾಯಿ ತೀರಿಕೊಂಡರು. ಅಕ್ಕ ಜಿಲ್ಬರ್ತ್, ತಂಗಿ ಜಾಕ್ಲೀನ್ ಮತ್ತು ಇವನನ್ನು ಸಾಕಿದ್ದು ತಂದೆ ಎಟಿಯೆನ್. ತಂದೆ ತೆರಿಗೆ ಇಲಾಖೆಯ ಅಧಿಕಾರಿ, ಒಳ್ಳೇ ಗಣಿತಜ್ಞ ಕೂಡ. 1631ರಲ್ಲಿ ಪ್ಯಾರಿಸ್ಸಿಗೆ ಮನೆ ಬದಲಾಯಿಸಿದರು. ಮಗನನ್ನು ಯಾವ ಸ್ಕೂಲಿಗೂ ಕಳಿಸಲಿಲ್ಲ, ತಾವೇ ಪಾಠ ಹೇಳಿದರು. ವಿಚಿತ್ರ ಅಂದರೆ ಗಣಿತವನ್ನು ಮಾತ್ರ ಹೇಳಿಕೊಡಲಿಲ್ಲ. ಅದರ ರುಚಿ ಹತ್ತಿದರೆ ಲ್ಯಾಟಿನ್, ಗ್ರೀಕ್ ಕಲಿಯಲ್ಲ ಅಂತ ಗಣಿತದ ಪುಸ್ತಕಗಳನ್ನೆಲ್ಲಾ ಎತ್ತಿಟ್ಟಿದ್ದರು. ಬೇಡ ಅಂದಿದ್ದನ್ನೇ ಮಾಡೋದು ಮಕ್ಕಳ ಗುಣ ತಾನೇ. ಹುಡುಗ ಹನ್ನೆರಡನೇ ವಯಸ್ಸಲ್ಲಿ ಇದ್ದಿಲು ಹಿಡಿದು ನೆಲದ ಮೇಲೆ ಗೆರೆ ಎಳೆದು, ತ್ರಿಕೋನದ ಮೂರು ಕೋನಗಳ ಮೊತ್ತದ ವಿಷಯವನ್ನು ತಾನೇ ಕಂಡುಕೊಳ್ಳುತ್ತಿದ್ದಾಗ ಅಪ್ಪನ ಕೈಗೆ ಸಿಕ್ಕಿಬಿದ್ದ. ಇದನ್ನು ಬರೆದಿಟ್ಟವಳು ಅಕ್ಕ. ಅಪ್ಪ ಸೋತು ಯೂಕ್ಲಿಡ್ ಪುಸ್ತಕ ಕೈಗೆ ಕೊಟ್ಟರು. ಹದಿನಾರಕ್ಕೆ ಕೋನಿಕ್ ಸೆಕ್ಷನ್ಸ್ ಬಗ್ಗೆ ಹುಡುಗ ಬರೆದ ಒಂದು ಹಾಳೆ 1640ರಲ್ಲಿ ಅಚ್ಚಾಯಿತು.

ಅದೇ ಹೊತ್ತಿಗೆ ತಂದೆಗೆ ರೂಆನ್ ಎಂಬ ಊರಿಗೆ ತೆರಿಗೆ ಕೆಲಸದ ಮೇಲೆ ಪೋಸ್ಟಿಂಗ್ ಆಯಿತು. ರಾತ್ರಿ ಎಲ್ಲಾ ಕೂತು ಲೆಕ್ಕ ಕೂಡೋದೇ ಕೆಲಸ. ಆಗಿನ ಫ್ರೆಂಚ್ ದುಡ್ಡಿನ ಲೆಕ್ಕ ನಮ್ಮ ಹಿಂದಿನ ಆಣೆ ಪೈಸೆಯ ಹಾಗೆ ತಲೆನೋವು. 12 ದೆನಿಯೆಗೆ ಒಂದು ಸೋಲ್, 20 ಸೋಲ್‌ಗೆ ಒಂದು ಲಿವ್ರ್. ಅಪ್ಪನ ಕಷ್ಟ ನೋಡಿ 1642ರಲ್ಲಿ ಮಗ ಒಂದು ಕೂಡುವ ಕಳೆಯುವ ಯಂತ್ರ ಮಾಡಲು ಹೊರಟ. ಆಗ ಅವನಿಗೆ ಹತ್ತೊಂಬತ್ತು. ನಮ್ಮದೇ ವಯಸ್ಸು, ನಾವು ಇಂಟರ್ನಲ್ಸ್‌ಗೆ ಹಿಂದಿನ ರಾತ್ರಿ ಓದುವ ವಯಸ್ಸು.

ಯಂತ್ರದ ಐಡಿಯಾ ಕೇಳೋಕೆ ಸಿಂಪಲ್. ಒಂದೊಂದು ಸ್ಥಾನಕ್ಕೆ ಒಂದೊಂದು ಚಕ್ರ. ಕಷ್ಟ ಇರೋದು ದಶಕದಲ್ಲಿ. 9 ದಾಟಿ 0 ಬಂದಾಗ ಪಕ್ಕದ ಚಕ್ರ ಒಂದು ಹೆಜ್ಜೆ ಮುಂದೆ ಹೋಗಬೇಕು. 99999ಕ್ಕೆ 1 ಕೂಡಿಸಿದರೆ ಎಲ್ಲಾ ಚಕ್ರಗಳೂ ಒಟ್ಟಿಗೆ ತಿರುಗಬೇಕು. ಒಂದು ಹಲ್ಲು ಇನ್ನೊಂದನ್ನು ನೇರವಾಗಿ ತಳ್ಳುವ ಹಾಗೆ ಮಾಡಿದರೆ ಅಷ್ಟೂ ಚಕ್ರಗಳ ಭಾರ ಮೊದಲನೇ ಚಕ್ರದ ಮೇಲೇ ಬಿದ್ದು ಅದು ಜಾಮ್ ಆಗುತ್ತೆ. ಪಾಸ್ಕಲ್ ಇದಕ್ಕೆ ಒಂದು ತೂಕದ ಲಿವರ್ ಇಟ್ಟ. ಚಕ್ರ 1ರಿಂದ 9ರವರೆಗೆ ತಿರುಗುತ್ತಾ ಆ ಲಿವರ್ ಅನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತುತ್ತೆ. 0 ಬಂದ ಕೂಡಲೇ ಲಿವರ್ ತನ್ನ ತೂಕಕ್ಕೇ ಬಿದ್ದು ಪಕ್ಕದ ಚಕ್ರವನ್ನು ಒದೆಯುತ್ತೆ. ಒಂದೊಂದು ಒದೆತಕ್ಕೂ ಶಕ್ತಿ ಅಲ್ಲಲ್ಲೇ ಕೂಡಿಟ್ಟಿರುತ್ತೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ರಿಪಲ್ ಕ್ಯಾರಿ ಆಡರ್ ಬರೆದವರಿಗೆ ಇದು ಎಲ್ಲೋ ನೋಡಿದ ಹಾಗೆ ಅನ್ನಿಸಬೇಕು.

ಕಾಗದದ ಮೇಲೆ ಎಲ್ಲಾ ಸರಿ. ಆದರೆ ಅದನ್ನು ಲೋಹದಲ್ಲಿ ಮಾಡೋರು ಯಾರು? ರೂಆನ್‌ನ ಕುಶಲಕರ್ಮಿಗಳಿಗೆ ಇಂಥ ಕೆಲಸ ಹೊಸದು, ಪಾಸ್ಕಲ್‌ಗೆ ಅರ ಹಿಡಿದು ಗೊತ್ತಿಲ್ಲ. ಮೂರು ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ಮಾಡೆಲ್ ಮಾಡಿಸಿದ. ಮರದಲ್ಲಿ, ದಂತದಲ್ಲಿ, ತಾಮ್ರದಲ್ಲಿ. ಒಂದು ಸರಿ ಹೋದರೆ ಇನ್ನೊಂದು ಕೈ ಕೊಡುತ್ತಿತ್ತು.

ಈ ಮಧ್ಯೆ ಒಂದು ಘಟನೆ ನಡೆಯಿತು. ಯಂತ್ರದ ಸುದ್ದಿ ಕೇಳಿದ ರೂಆನ್‌ನ ಒಬ್ಬ ಗಡಿಯಾರದವನು ತಾನೇ ಒಂದು ನಕಲು ಮಾಡಿದ. ಹೊರಗೆ ಚೆನ್ನಾಗಿ ಉಜ್ಜಿ, ಪಾಲಿಶ್ ಮಾಡಿ, ಥಳಥಳ ಅನ್ನುವ ಹಾಗೆ ಮಾಡಿದ್ದ. ಒಳಗೆ ಚಕ್ರಗಳ ಲೆಕ್ಕವೇ ಇಲ್ಲ, ಅದರಿಂದ ಒಂದು ಮೊತ್ತ ಕೂಡೋಕೂ ಆಗ್ತಿರಲಿಲ್ಲ. ಆದರೂ ನೋಡಿದವರು ಮೆಚ್ಚಿ ಅದನ್ನು ಒಂದು ಅಪೂರ್ವ ವಸ್ತುಗಳ ಸಂಗ್ರಹದಲ್ಲಿ ಇಟ್ಟರು. ಅದನ್ನು ಕಂಡು ಪಾಸ್ಕಲ್ ಎಷ್ಟು ಕುಗ್ಗಿಹೋದ ಅಂದರೆ ತನ್ನ ಕೆಲಸಗಾರರನ್ನೆಲ್ಲಾ ಆಗಲೇ ಬಿಡಿಸಿ, ಯಂತ್ರದ ಆಸೆಯನ್ನೇ ಕೈಬಿಟ್ಟ. ಜನ ಈ ಕೆಟ್ಟ ನಕಲನ್ನು ನೋಡಿ ಇಡೀ ಐಡಿಯಾನೇ ಸುಳ್ಳು ಅಂದುಕೊಳ್ತಾರೆ ಅನ್ನೋದು ಅವನ ಭಯ. ಫ್ರಾನ್ಸಿನ ಚಾನ್ಸೆಲರ್ ಸೆಗ್ಯೆ ಹುರಿದುಂಬಿಸಿದ ಮೇಲೆ ಮತ್ತೆ ಶುರು ಮಾಡಿ 1645ರಲ್ಲಿ ಒಂದು ಒಳ್ಳೇ ಯಂತ್ರವನ್ನು ಅವರಿಗೇ ಒಪ್ಪಿಸಿದ. 1649ರಲ್ಲಿ ರಾಜನಿಂದ ಅದಕ್ಕೆ ಹಕ್ಕುಪತ್ರ ಸಿಕ್ಕಿತು, ಇಂದಿನ ಪೇಟೆಂಟ್ ಥರ.

ಆ ಸಂದರ್ಭದಲ್ಲಿ ಅವನು ಅಚ್ಚು ಹಾಕಿಸಿದ ಒಂದು ಸಣ್ಣ ಪುಸ್ತಿಕೆಯಲ್ಲಿ ಈ ಕಥೆ ಎಲ್ಲಾ ಇದೆ. ಅದರಲ್ಲಿ ಗಡಿಯಾರದವನ ಮೇಲೆ ಸ್ವಲ್ಪ ಜಾಸ್ತಿನೇ ಕೋಪ ತೋರಿಸಿದ್ದಾನೆ. ಉಪಕರಣ ಹಿಡಿಯೋದು ಬಿಟ್ಟರೆ ಅವನಿಗೆ ಏನೂ ಬರಲ್ಲ, ಜ್ಯಾಮಿತಿ ಅಂತ ಒಂದು ಇದೆ ಅನ್ನೋದೇ ಗೊತ್ತಿಲ್ಲ ಅನ್ನೋ ಧಾಟಿ. ಆದರೆ ಅದೇ ಪುಸ್ತಿಕೆಯಲ್ಲಿ ಇನ್ನೊಂದನ್ನೂ ಒಪ್ಪಿಕೊಂಡಿದ್ದಾನೆ. ಥಿಯರಿ ಇಲ್ಲದೆ ಕೈ ಕೆಲಸ ಕುರುಡು ನಿಜ, ಆದರೆ ಕೈ ಕೆಲಸ ಇಲ್ಲದೆ ತನ್ನ ಥಿಯರಿಯೂ ಹುಟ್ಟುತ್ತಿರಲಿಲ್ಲ, ತನಗೆ ಸ್ವತಃ ಆ ಯಂತ್ರ ಮಾಡುವ ಕೈ ಇರಲಿಲ್ಲ ಅಂತ. ಮತ್ತೊಂದು ವಿಷಯ ನನಗೆ ತುಂಬಾ ಹಿಡಿಸಿತು. ಯಂತ್ರ ಗಟ್ಟಿಯಾಗಿದೆಯಾ ಅಂತ ನೋಡೋಕೆ ಅದನ್ನು 250 ಲೀಗ್‌ಗೂ ಹೆಚ್ಚು ದೂರ, ಅಂದರೆ ಸುಮಾರು ಸಾವಿರ ಕಿ.ಮೀ., ಆಗಿನ ರಸ್ತೆಗಳಲ್ಲಿ ಸಾಗಿಸಿ ಪರೀಕ್ಷೆ ಮಾಡಿದ್ದ. ಏನೂ ಕೆಡಲಿಲ್ಲ. ನಮ್ಮ ಪಿಕಪ್‌ನ ಬ್ರೇಕ್ ಮಾಡಿದ ಪುಣ್ಯಾತ್ಮ ಗಾಡಿಯನ್ನು ಗ್ಯಾರೇಜಿನ ಗೇಟಿನವರೆಗಾದರೂ ಓಡಿಸಿ ನೋಡಿದ್ದನೋ ಇಲ್ಲವೋ.

ಆ ಯಂತ್ರದ ಬೆಲೆ ಜಾಸ್ತಿ ಇತ್ತು, ಹೆಚ್ಚು ಮಾರಾಟ ಆಗಲಿಲ್ಲ. ಇಂದು ಜಗತ್ತಿನಲ್ಲಿ ಉಳಿದಿರೋದು ಎಂಟೊಂಬತ್ತು. ಕೆಲವು ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿವೆ.

1646ರಲ್ಲಿ ಪಾಸ್ಕಲ್‌ನ ಗಮನ ಗಾಳಿ ಮತ್ತು ನೀರಿನ ಕಡೆ ತಿರುಗಿತು. ಇಟಲಿಯ ಟಾರಿಚೆಲ್ಲಿ ಪಾದರಸದ ಕೊಳವೆಯನ್ನು ಬೋರಲು ಹಾಕಿ ಮಾಡಿದ ಪ್ರಯೋಗದ ಸುದ್ದಿ ಬಂದಿತ್ತು. ಪಾದರಸ ಪೂರ್ತಿ ಇಳಿಯದೆ ಸುಮಾರು 76 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತೆ. ಮೇಲಿನ ಖಾಲಿ ಜಾಗದಲ್ಲಿ ಏನಿದೆ? ಪಾದರಸವನ್ನು ಹಿಡಿದಿರೋದು ಏನು? ಪ್ರಕೃತಿಗೆ ಶೂನ್ಯ ಕಂಡರೆ ಆಗಲ್ಲ ಅನ್ನೋದು ಆಗಿನವರ ಉತ್ತರ. ಹೊರಗಿನ ಗಾಳಿಯ ತೂಕವೇ ಹಿಡಿದಿದೆ ಅನ್ನೋದು ಹೊಸ ವಾದ. ಹಾಗಿದ್ದರೆ ಬೆಟ್ಟ ಹತ್ತಿದಂತೆ ತಲೆ ಮೇಲಿನ ಗಾಳಿ ಕಮ್ಮಿಯಾಗಿ ಪಾದರಸ ಇಳಿಯಬೇಕು.

ಪಾಸ್ಕಲ್‌ಗೆ ಹದಿನೆಂಟರಿಂದಲೂ ಆರೋಗ್ಯ ಸರಿ ಇರಲಿಲ್ಲ, ಬೆಟ್ಟ ಹತ್ತೋ ಸ್ಥಿತಿ ಅಲ್ಲ. ಕ್ಲೆರ್ಮಾಂಟ್‌ನಲ್ಲಿದ್ದ ಭಾವ ಪೆರಿಯೆಗೆ ಕಾಗದ ಬರೆದ. 1648ರ ಸೆಪ್ಟೆಂಬರ್ 19ರಂದು ಪೆರಿಯೆ ಊರಿನ ಕೆಲವರನ್ನು ಕಟ್ಟಿಕೊಂಡು 1465 ಮೀಟರ್ ಎತ್ತರದ ಪ್ಯುಯ್ ದ ಡೋಮ್ ಹತ್ತಿದ. ಹತ್ತುವ ಮುಂಚೆ ಕೆಳಗೆ ಮಠದ ತೋಟದಲ್ಲಿ ಎರಡು ಕೊಳವೆ ಇಟ್ಟು ಎರಡೂ ಒಂದೇ ಅಳತೆ ತೋರಿಸುತ್ತವೆ ಅಂತ ಖಚಿತ ಮಾಡಿಕೊಂಡ. ಒಂದನ್ನು ಅಲ್ಲೇ ಬಿಟ್ಟು, ದಿನವಿಡೀ ನೋಡ್ತಾ ಇರಿ ಅಂತ ಒಬ್ಬ ಸನ್ಯಾಸಿಗೆ ಒಪ್ಪಿಸಿದ. ಮೇಲೆ ಹೋದಾಗ ಪಾದರಸ ಸುಮಾರು 8 ಸೆಂ.ಮೀ. ಇಳಿದಿತ್ತು. ಬಿಸಿಲಲ್ಲಿ, ಗಾಳಿಯಲ್ಲಿ, ಮರೆಯಲ್ಲಿ ಅಂತ ಜಾಗ ಬದಲಾಯಿಸಿ ಮತ್ತೆ ಮತ್ತೆ ಅಳೆದ. ಕೆಳಗಿದ್ದ ಕೊಳವೆ ಮಾತ್ರ ಇಡೀ ದಿನ ಅಲುಗಾಡಿರಲಿಲ್ಲ. ಲ್ಯಾಬಿನಲ್ಲಿ ಪಕ್ಕದವನ ರೀಡಿಂಗ್ ಕಾಪಿ ಹೊಡೆಯುವ ನಮಗೆ ಆ ಸನ್ಯಾಸಿಯ ಡ್ಯೂಟಿ ಸುಮ್ಮನೆ ವೇಸ್ಟ್ ಅನ್ನಿಸಬಹುದು. ಆದರೆ ಆ ಕೆಳಗಿನ ಕೊಳವೆ ಇಲ್ಲದಿದ್ದರೆ, ಇಳಿದದ್ದು ಬೆಟ್ಟದಿಂದಲೋ ಅವತ್ತಿನ ಹವಾಮಾನದಿಂದಲೋ ಅಂತ ಯಾರು ಬೇಕಾದರೂ ಕೇಳಬಹುದಿತ್ತು.

ಈ ದಾರಿಯಲ್ಲೇ ಮುಂದೆ ಹೋಗಿ ದ್ರವಗಳ ಸಮತೋಲನದ ಬಗ್ಗೆ ಒಂದು ಗ್ರಂಥ ಬರೆದ. 1654ರ ಹೊತ್ತಿಗೆ ಮುಗಿದಿತ್ತು. ನಮ್ಮ ಬ್ರೇಕ್ ಇರೋದು ಅದರಲ್ಲಿ. ನೀರು ತುಂಬಿದ ಒಂದು ಮುಚ್ಚಿದ ಪಾತ್ರೆಗೆ ಎರಡು ಬಾಯಿ, ಒಂದು ಇನ್ನೊಂದಕ್ಕಿಂತ ನೂರು ಪಟ್ಟು ದೊಡ್ಡದು. ಎರಡಕ್ಕೂ ಪಿಸ್ಟನ್. ಚಿಕ್ಕದನ್ನು ಒಬ್ಬ ಒತ್ತಿದರೆ ದೊಡ್ಡದನ್ನು ಒತ್ತುವ ನೂರು ಜನಕ್ಕೆ ಸಮ. ಬಿಟ್ಟಿ ಏನೂ ಸಿಗಲ್ಲ ಅಂತಲೂ ಅವನೇ ತೋರಿಸಿದ. ಬಲ ನೂರು ಪಟ್ಟಾದರೆ ದೊಡ್ಡ ಪಿಸ್ಟನ್ ಸರಿಯುವ ದೂರ ನೂರನೇ ಒಂದು ಪಾಲು. ದ್ರವದ ಒತ್ತಡ ಎತ್ತರದ ಮೇಲೆ ನಿಂತಿದೆ, ಎಷ್ಟು ನೀರಿದೆ ಅನ್ನೋದರ ಮೇಲಲ್ಲ ಅನ್ನೋದೂ ಅದರಲ್ಲಿದೆ. ಎಚ್.ಡಿ.ಕೋಟೆಯ ಕಬಿನಿ ಜಲಾಶಯ ಎಷ್ಟು ಕಿ.ಮೀ. ಹಿಂದಕ್ಕೆ ಹರಡಿದೆ ಅನ್ನೋದು ಕಟ್ಟೆಯ ಬುಡದ ಒತ್ತಡಕ್ಕೆ ಲೆಕ್ಕಕ್ಕಿಲ್ಲ. ಕಟ್ಟೆಯ ಹತ್ತಿರ ನೀರು ಎಷ್ಟು ಆಳ ಅನ್ನೋದಷ್ಟೇ ಮುಖ್ಯ.

ಕಾಗದದಿಂದ ಗಾಡಿಗೆ ಬರೋಕೆ ಈ ನಿಯಮಕ್ಕೆ ಬಹಳ ಕಾಲ ಬೇಕಾಯಿತು. ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದದ್ದು 1795ರಲ್ಲಿ. ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂದದ್ದು 1921ರಲ್ಲಿ. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಒತ್ತುವ ಎಣ್ಣೆ ಅದೇ ಒತ್ತಡವನ್ನು ಎಲ್ಲಾ ಚಕ್ರಕ್ಕೂ ತಲುಪಿಸುತ್ತೆ. ಪೈಪ್ ಎಷ್ಟೇ ಬಾಗಿದ್ದರೂ ಪರವಾಗಿಲ್ಲ.

ಆದರೆ ಇದಕ್ಕೆ ಎರಡು ಷರತ್ತು. ಪಾತ್ರೆ ಮುಚ್ಚಿರಬೇಕು, ಒಳಗೆ ದ್ರವ ಮಾತ್ರ ಇರಬೇಕು. ಸೊಟ್ಟ ಫ್ಲೇರ್ ಮೊದಲನೇ ಷರತ್ತು ಮುರಿಯುತ್ತೆ, ಗಾಳಿ ಎರಡನೇದನ್ನು. ಎಣ್ಣೆಯನ್ನು ಒತ್ತಿ ಕುಗ್ಗಿಸೋಕೆ ಆಗಲ್ಲ, ಗಾಳಿಯನ್ನು ಆಗುತ್ತೆ. ತುಳಿದ ದೂರವೆಲ್ಲಾ ಗಾಳಿಗುಳ್ಳೆ ಕುಗ್ಗಿಸೋಕೇ ಖರ್ಚಾಗಿ ಚಕ್ರಕ್ಕೆ ಏನೂ ಉಳಿಯಲ್ಲ. ಪಂಪ್ ಮಾಡಿದ್ರೆ ಹಿಡಿಯುತ್ತೆ ಅನ್ನೋದರ ಅರ್ಥ ರಿಪೇರಿ ಆಗಿದೆ ಅಂತ ಅಲ್ಲ, ಒಳಗೆ ಗಾಳಿ ಇದೆ ಅಂತ. ಇಷ್ಟು ನನಗೆ ಅವತ್ತೇ ಹೊಳೆಯಬೇಕಿತ್ತು.

ಪಾಸ್ಕಲ್ ತನ್ನ ಗ್ರಂಥವನ್ನು ಅಚ್ಚು ಹಾಕಿಸಲೇ ಇಲ್ಲ. 1651ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ತಂಗಿ ಜಾಕ್ಲೀನ್ ಸನ್ಯಾಸಿನಿಯಾಗಲು ಪೋರ್ ರೊಯಾಲ್ ಮಠ ಸೇರಿದಳು. 1654ರಲ್ಲಿ ಜೂಜಿನ ಲೆಕ್ಕದ ಬಗ್ಗೆ ಫರ್ಮಾ ಜೊತೆ ನಡೆಸಿದ ಪತ್ರವ್ಯವಹಾರದಿಂದ ಪ್ರಾಬಬಿಲಿಟಿ ಶಾಸ್ತ್ರ ಹುಟ್ಟಿತು. ಅದೇ ವರ್ಷ ನವೆಂಬರ್ 23ರ ರಾತ್ರಿ ಅವನಿಗೆ ಒಂದು ದೈವಾನುಭವ ಆಯಿತು. ಅದನ್ನು ಕಾಗದದಲ್ಲಿ ಬರೆದು ಕೋಟಿನ ಒಳಗೆ ಹೊಲಿದುಕೊಂಡ. ಸಾಯುವವರೆಗೂ ಯಾರಿಗೂ ಹೇಳಲಿಲ್ಲ, ಸತ್ತ ಮೇಲೆ ಮನೆಯವರಿಗೆ ಸಿಕ್ಕಿತು. ಆಮೇಲಿನ ವರ್ಷಗಳು ಹೆಚ್ಚಾಗಿ ಧರ್ಮದ ಚಿಂತನೆಗೆ ಹೋದವು. ಆಗ ಬರೆದಿಟ್ಟ ಚೂರು ಬರಹಗಳೇ ಮುಂದೆ ಪಾನ್ಸೆ ಎಂಬ ಹೆಸರಾಂತ ಪುಸ್ತಕ ಆದವು.

ಕೊನೆಗೆ ಮತ್ತೆ ಗಾಡಿಯ ವಿಷಯಕ್ಕೇ ಬಂದ, ಇದನ್ನು ಓದಿ ನನಗೆ ಆಶ್ಚರ್ಯ ಆಯಿತು. ಆಗ ಪ್ಯಾರಿಸ್ಸಿನಲ್ಲಿ ಸ್ವಂತ ಕುದುರೆಗಾಡಿ ಇದ್ದವರು ಗಾಡಿಯಲ್ಲಿ, ಉಳಿದವರು ಕೆಸರಲ್ಲಿ. ನಿಗದಿತ ದಾರಿಯಲ್ಲಿ, ನಿಗದಿತ ಸಮಯಕ್ಕೆ, ಜನ ಇರಲಿ ಬಿಡಲಿ ಹೊರಡುವ ಗಾಡಿಗಳನ್ನು ಓಡಿಸಬಹುದು ಅಂತ ಪಾಸ್ಕಲ್ ಯೋಚಿಸಿದ. ಗೆಳೆಯ ರೊಆನೆಯ ಡ್ಯೂಕ್ ಮತ್ತು ಇತರರ ಜೊತೆ ಸೇರಿ ಕಂಪನಿ ಕಟ್ಟಿ, ರಾಜನ ಅನುಮತಿ ಪಡೆದು, 1662ರ ಮಾರ್ಚ್ 18ರಂದು ಏಳು ಗಾಡಿಗಳಿಂದ ಮೊದಲ ರೂಟ್ ಶುರುವಾಯಿತು. ಟಿಕೆಟ್ ಐದು ಸೋಲ್. ಜಗತ್ತಿನ ಮೊದಲ ಸಿಟಿ ಬಸ್ ಸರ್ವೀಸ್ ಅಂತ ಸಾಮಾನ್ಯವಾಗಿ ಹೇಳೋದು ಇದನ್ನೇ. ಆದರೆ ಆಳುಕಾಳುಗಳು, ಸೈನಿಕರು ಹತ್ತುವಂತಿಲ್ಲ ಅಂತ ಪ್ಯಾರಿಸ್ಸಿನ ನ್ಯಾಯಮಂಡಳಿ ಷರತ್ತು ಹಾಕಿತು. ಬ್ಲುವಾ ಪ್ರದೇಶದ ಬಡವರು ಆ ಚಳಿಗಾಲದಲ್ಲಿ ಹಸಿವಿನಿಂದ ಸಾಯುತ್ತಿದ್ದಾರೆ ಅಂತ ಕೇಳಿ, ಗಾಡಿಯ ಆದಾಯದಲ್ಲಿ ಮುಂಗಡ ತಗೊಂಡು ಅವರಿಗೆ ಕಳಿಸೋಕೆ ಪಾಸ್ಕಲ್ ಪ್ರಯತ್ನ ಮಾಡಿದ್ದ ಅಂತ ಅಕ್ಕ ಬರೆದಿದ್ದಾಳೆ.

ಆ ಬೇಸಿಗೆಯಲ್ಲಿ ಅವನ ಕಾಯಿಲೆ ಉಲ್ಬಣ ಆಯಿತು. ಮನೆಯಲ್ಲಿ ಒಂದು ಬಡ ಕುಟುಂಬಕ್ಕೆ ಜಾಗ ಕೊಟ್ಟಿದ್ದ. ಅವರ ಮಗುವಿಗೆ ಸಿಡುಬು ಬಂದಾಗ ಮಗುವನ್ನು ಹೊರಗೆ ಕಳಿಸುವ ಬದಲು ತಾನೇ ಮನೆ ಬಿಟ್ಟು ಅಕ್ಕನ ಮನೆಗೆ ಹೋದ. ಅಲ್ಲೇ 1662ರ ಆಗಸ್ಟ್ 19ರಂದು ತೀರಿಕೊಂಡ. ವಯಸ್ಸು 39. ದ್ರವಗಳ ಗ್ರಂಥವನ್ನು ಮರುವರ್ಷ ಭಾವ ಪೆರಿಯೆ, ಅದೇ ಬೆಟ್ಟ ಹತ್ತಿದವನು, ಅಚ್ಚು ಹಾಕಿಸಿದ. 1970ರಲ್ಲಿ ಒಂದು ಪ್ರೋಗ್ರಾಮಿಂಗ್ ಭಾಷೆಗೆ, 1971ರಲ್ಲಿ ಒತ್ತಡದ ಅಳತೆಗೆ ಅವನ ಹೆಸರು ಬಂತು.

ಈಗ ನಮ್ಮ ಪಿಕಪ್. ಕೆ.ಆರ್.ನಗರದ ಯಜಮಾನರು ಹೊಸ ಪೈಪ್ ತುದಿಗೆ ಡಬಲ್ ಫ್ಲೇರ್ ಮಾಡಿದರು. ಟೇಪ್ ಕಿತ್ತೆಸೆದರು. ಫ್ಲೇರ್ ನೆಟ್ಟಗೆ ಕೂತರೆ ಲೋಹಕ್ಕೆ ಲೋಹವೇ ಸೀಲ್, ಅಲ್ಲಿ ಟೇಪಿಗೆ ಕೆಲಸ ಇಲ್ಲ ಅಂದರು. ಕ್ಲಿಪ್ ಹಾಕಿದರು. ಆಮೇಲೆ ನನ್ನನ್ನು ಪೆಡಲ್ ಮೇಲೆ ಕೂರಿಸಿದರು. ಅವರು ಒತ್ತು ಅಂದಾಗ ಒತ್ತಿ ಹಿಡಿಯಬೇಕು, ಅವರು ನಿಪ್ಪಲ್ ಸಡಿಲ ಮಾಡಿ ಗಾಳಿ ಬಿಟ್ಟು ಮತ್ತೆ ಬಿಗಿ ಮಾಡಿದ ಮೇಲೆಯೇ ಕಾಲು ತೆಗೀಬೇಕು. ಒಂದು ಸಲ ಆತುರಪಟ್ಟು ಬೇಗ ಬಿಟ್ಟೆ. ಗಾಳಿ ವಾಪಸ್ ಒಳಗೆ ಹೋಯಿತು, ಬೈಸಿಕೊಂಡೆ. ದೂರದ ಚಕ್ರದಿಂದ ಶುರು ಮಾಡಿ ನಾಲ್ಕೂ ಚಕ್ರ ಮುಗಿಯೋಕೆ ಒಂದೂವರೆ ಗಂಟೆ ಆಯಿತು. ಪಾರದರ್ಶಕ ಟ್ಯೂಬಿನಲ್ಲಿ ಗುಳ್ಳೆಗಳು ಬರೋದು ನಿಂತ ಆ ಕ್ಷಣಕ್ಕೆ ನನ್ನ ಕಾಲ ಕೆಳಗೆ ಪೆಡಲ್ ಕಲ್ಲಿನ ಥರ ಗಟ್ಟಿಯಾಯಿತು. ಪಾಸ್ಕಲ್ಸ್ ಲಾ ನನಗೆ ನಿಜವಾಗಿ ಅರ್ಥ ಆಗಿದ್ದು ಆಗ, ಕಾಲಿನಿಂದ.

ಯಜಮಾನರಿಗೆ ಪಾಸ್ಕಲ್ ಹೆಸರು ಗೊತ್ತಿರಲಿಲ್ಲ. ಅವರ ಕೈಗೆ ಮಾತ್ರ ಅವನ ನಿಯಮ ನನಗಿಂತ ಚೆನ್ನಾಗಿ ಗೊತ್ತಿತ್ತು. ಟೇಪ್ ಸುತ್ತಿದವನ ಬಗ್ಗೆ ನಾನು ಸಿಟ್ಟಿನಿಂದ ಮಾತಾಡಿದಾಗ ಅವರು ಬೈಯಲಿಲ್ಲ. ಫ್ಲೇರಿಂಗ್ ಟೂಲ್ ಇಲ್ಲದ ಗ್ಯಾರೇಜ್ ಬೇಕಾದಷ್ಟಿವೆ, ಯಾಕೆ ಹೀಗೆ ಮಾಡಬೇಕು ಅಂತ ಆ ಹುಡುಗರಿಗೆ ಯಾರೂ ಹೇಳಿಕೊಟ್ಟಿರಲ್ಲ ಅಂದರು. ಹೇಳಿಕೊಡಬೇಕಾದವರು ಯಾರು ಅಂತ ನಾನು ಕೇಳಲಿಲ್ಲ, ಉತ್ತರ ನಮ್ಮ ಕಾಲೇಜಿನ ಕಡೆಗೇ ಬರುತ್ತೆ ಅನ್ನಿಸಿತು.

ಆಮೇಲೆ ಅವರು ಖಾಲಿ ಗಾಡಿಯನ್ನು ಊರ ರಸ್ತೆಯಲ್ಲಿ ಓಡಿಸಿ ಎಂಟು ಹತ್ತು ಸಲ ಬ್ರೇಕ್ ಹಾಕಿ ನೋಡಿದರು. ಬೇಲ್ ಹೇರಿಸಿ ಇನ್ನೊಂದು ಸುತ್ತು ಹೋದರು. ಇಳಿದು ಬಂದು, ಕೆಳಗೆ ಮಲಗಿ, ಪೈಪಿನ ನಟ್ ಸುತ್ತ ಬೆರಳಾಡಿಸಿ, ಬೆರಳು ಒಣಗಿದೆ ಅಂತ ನನಗೆ ತೋರಿಸಿದರು. ಅಷ್ಟಾದ ಮೇಲೆಯೇ ದುಡ್ಡಿನ ಮಾತು.